ಹೆಡ್‌ಫೋನ್ ಥೆರಪಿಗೆ ದುಡ್ಡು ಕಟ್ಟುವ ಮುಂಚೆ

ಮೈಸೂರಿನ ಒಂದು ‘ಲಿಸನಿಂಗ್ ಥೆರಪಿ’ ಸೆಂಟರಿಗೆ ಮಗನನ್ನು 10 ದಿನ ಕರೆದುಕೊಂಡು ಹೋಗಿದ್ದೆ, ದಿನಕ್ಕೆ ಎರಡು ಸಲ, ಸಲಕ್ಕೆ ಅರ್ಧ ಗಂಟೆ. ಸೆಂಟರಿನ ಹೆಸರು ಬೇಡ. ಅವನಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ, ಆದರೆ ಗದ್ದಲದಲ್ಲಿ ಮಾತು ಬಿಡಿಸಿಕೊಳ್ಳಲು ಆಗುವುದಿಲ್ಲ. ಮಿಕ್ಸಿ ಓಡುತ್ತಿರುವಾಗ ‘ತಟ್ಟೆ ತಾ’ ಅಂದರೆ ಬಟ್ಟೆ ಹಿಡಿದು ನಿಂತಿರುತ್ತಾನೆ.

ಸೆಂಟರ್ ಸ್ವಚ್ಛವಾಗಿದೆ, ಹೇಳಿದ ಟೈಮಿಗೆ ಶುರು ಮಾಡುತ್ತಾರೆ, ಮಗುವನ್ನು ಪ್ರೀತಿಯಿಂದ ಮಾತಾಡಿಸುತ್ತಾರೆ. ಹೆಡ್‌ಫೋನಿನಲ್ಲಿ ಏರಿಳಿಸಿದ ಸಂಗೀತ ಹಾಕುತ್ತಾರೆ, ಅಷ್ಟೇ. ಗೋಡೆ ತುಂಬಾ ಪೋಷಕರ ಮೆಚ್ಚುಗೆ ಪತ್ರಗಳು. ಆದರೆ ಅದು ಪುರಾವೆ ಅಲ್ಲ ಅಲ್ವಾ? ಮಕ್ಕಳು ಬೆಳೆಯುತ್ತಾ ತಾವಾಗಿಯೇ ಸ್ವಲ್ಪ ಸುಧಾರಿಸುತ್ತಾರೆ, ಜಾಸ್ತಿ ದುಡ್ಡು ಕಟ್ಟಿ ಆಸೆಯಿಂದ ಕಾಯುತ್ತಿರುವ ನಮ್ಮ ಕಣ್ಣಿಗೂ ಸುಧಾರಿಸಿದ ಹಾಗೇ ಕಾಣುತ್ತದೆ. ಇದೇ ತೊಂದರೆ ಇದ್ದೂ ಥೆರಪಿ ಪಡೆಯದ ಮಕ್ಕಳ ಜೊತೆ ಹೋಲಿಸಿ ನೋಡಿದ್ದೀರಾ ಅಂತ ಕೇಳಿದೆ. ಉತ್ತರ ಸಿಗಲಿಲ್ಲ. ಆಮೇಲೆ ಓದಿ ತಿಳಿದುಕೊಂಡೆ: ಫ್ರಾನ್ಸಿನ ವೈದ್ಯ ಗೀ ಬೆರಾರ್ ರೂಪಿಸಿದ ಈ ಪದ್ಧತಿ ವಿಜ್ಞಾನದ ಮಟ್ಟ ಮುಟ್ಟಿಲ್ಲ ಎಂದು ಅಮೆರಿಕದ ವಾಕ್ ಶ್ರವಣ ತಜ್ಞರ ಸಂಘ 2004ರಲ್ಲೇ ಹೇಳಿದೆ. ನನಗೆ ಹೊಟ್ಟೆ ಉರಿದುಹೋಯಿತು.

ನಿಮ್ಮ ಮಗುವಿಗೂ ಹೀಗೇ ಇದ್ದರೆ ಮೊದಲು ಮಾನಸಗಂಗೋತ್ರಿಯ ಆಯಿಷ್‌ಗೆ, ಅಂದರೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ. 1965ರಿಂದ ನಮ್ಮೂರಲ್ಲೇ ಇರುವ, ವಾಕ್ ಮತ್ತು ಶ್ರವಣಕ್ಕೇ ಮೀಸಲಾದ ಸಂಸ್ಥೆ ಅದು, ಸುಮ್ನೆ ಬೇರೆ ಕಡೆ ಯಾಕೆ ಅಲೆಯಬೇಕು? ಸರಿಯಾದ ಪರೀಕ್ಷೆ ಆಗಲಿ. ಸ್ಕೂಲಲ್ಲಿ ಮುಂದಿನ ಬೆಂಚು ಕೇಳಿ, ಒಂದು ಸಲಕ್ಕೆ ಒಂದೇ ಮಾತು ಹೇಳಲು ಮೇಷ್ಟರಿಗೆ ತಿಳಿಸಿ. ಮೇಷ್ಟರ ದನಿಯನ್ನು ನೇರ ಮಗುವಿನ ಕಿವಿಗೆ ತಲುಪಿಸುವ ಎಫ್‌ಎಂ ಸಾಧನವೂ ಇದೆ, ಅದು ಬೇಕಾ ಅಂತ ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಹತ್ತಿರ ಕೇಳಿ.