ಹ್ಯಾಮ್ಸ್ಟರ್‌ಗೆ ನಾಲ್ಕಡಿಯ ಗಾಜಿನ ಮನೆ: ಎರಡು ಬೇಸಿಗೆ ಕಳೆದ ಮೇಲೆ ನನ್ನ ಅಭಿಪ್ರಾಯ

ಹ್ಯಾಮ್ಸ್ಟರ್ ಎಂಬ ಇಲಿಯಂಥ ಪುಟ್ಟ ಸಾಕುಪ್ರಾಣಿಯ ಪಂಜರಕ್ಕೆಂದು ದುಡ್ಡು ತೆಗೆದಿಟ್ಟಿದ್ದರೆ, ಪೆಟ್ ಅಂಗಡಿಗೆ ಹೋಗುವ ಮೊದಲು ನಿಮ್ಮೂರಿನ ಅಕ್ವೇರಿಯಂ ಮಾಡಿಕೊಡುವವರ ಹತ್ತಿರ ಒಮ್ಮೆ ಹೋಗಿ ಬನ್ನಿ. ನಾವು ದಾವಣಗೆರೆಯಲ್ಲಿ ಹಾಗೇ ಮಾಡಿದ್ದು. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ಗಾಜಿನ ಟ್ಯಾಂಕು, ಮೇಲೆ ಪೂರ್ತಿ ಜಾಲರಿಯ ಮುಚ್ಚಳ. ನಮ್ಮ ‘ಶೇಂಗಾ’ ಅದರಲ್ಲಿ ಎರಡು ಬೇಸಿಗೆ, ಎರಡು ಮಳೆಗಾಲ ಕಳೆದಿದ್ದಾಳೆ. ಬಂಗಾರದ ಬಣ್ಣದ ಸಿರಿಯನ್ ಹ್ಯಾಮ್ಸ್ಟರ್. ಹೆಸರಿಟ್ಟವಳು ನನ್ನ ಮಗಳು.

ಅವಳು ನಮ್ಮ ಮನೆಗೆ ಬಂದಿದ್ದು ನನ್ನ ತಮ್ಮ ಸೋದರ ಸೊಸೆಗೆ ಕೊಟ್ಟ ಹುಟ್ಟುಹಬ್ಬದ ಉಡುಗೊರೆಯಾಗಿ, ಅಂಗಡಿಯವರು ಜೊತೆಗೆ ಕೊಟ್ಟ ಗುಲಾಬಿ ಬಣ್ಣದ ತಂತಿ ಪಂಜರದಲ್ಲಿ. ಒಂದಡಿಗಿಂತ ಸ್ವಲ್ಪ ಉದ್ದ, ಒಂದಡಿ ಅಗಲವೂ ಇಲ್ಲ, ಮೇಲೊಂದು ಅಟ್ಟ, ಅಂಗೈಯಗಲದ ಚಕ್ರ. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಶುರುವಾಗುತ್ತಿತ್ತು ಸದ್ದು: ಕಟಕಟ, ಕಟಕಟ. ಒಂದೇ ಮೂಲೆಯ ಎರಡು ತಂತಿಗಳನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುವುದು, ಬಿಡುವುದು, ಮತ್ತೆ ಕಚ್ಚುವುದು. ಕೆಲವೇ ದಿನಗಳಲ್ಲಿ ಮೂಗಿನ ಮೇಲಿನ ಕೂದಲು ಉಜ್ಜಿ ಹೋಗಿ ಹೆಸರುಕಾಳಿನಷ್ಟು ಜಾಗದಲ್ಲಿ ಬರಿ ಚರ್ಮ ಕಾಣುತ್ತಿತ್ತು. “ಹಲ್ಲು ಬೆಳೀತಾವಲ್ಲ, ಸವೆಸ್ಕೊಳ್ತಾವೆ” ಎಂದು ಅಂಗಡಿಯವರು ಸಮಾಧಾನ ಹೇಳಿದರು. ಹಲ್ಲು ಜೀವನವಿಡೀ ಬೆಳೆಯುವುದು ನಿಜ. ಆದರೆ ಹಲ್ಲು ಸವೆಸಲು ಕಟ್ಟಿಗೆಯ ತುಂಡು ಪಕ್ಕದಲ್ಲೇ ಇದ್ದರೂ ಅವಳು ಅದನ್ನು ಮೂಸಿ ನೋಡಿ ತಂತಿಗೇ ಹೋಗುತ್ತಿದ್ದಳು.

ಈ ತಂತಿ ಕಚ್ಚುವುದರ ಬಗ್ಗೆ ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದವರು ಸರಿಯಾಗಿ ಅಭ್ಯಾಸ ಮಾಡಿದ್ದಾರೆ. ಬಂಗಾರದ ಹ್ಯಾಮ್ಸ್ಟರ್‌ಗಳನ್ನು (ಸಿರಿಯನ್‌ಗೇ ಇನ್ನೊಂದು ಹೆಸರು) ನಾಲ್ಕು ಬೇರೆ ಬೇರೆ ಅಳತೆಯ ಪಂಜರಗಳಲ್ಲಿಟ್ಟು ನೋಡಿದರು. ಅತಿ ಚಿಕ್ಕದರ ನೆಲ 1,800 ಚದರ ಸೆಂ.ಮೀ., ಅತಿ ದೊಡ್ಡದರದು 10,000. ಪಂಜರ ಚಿಕ್ಕದಾದಷ್ಟೂ ತಂತಿ ಕಚ್ಚುವುದು ಹೆಚ್ಚು. ಗಮನಿಸಿ, ಅವರು ‘ಅತಿ ಚಿಕ್ಕದು’ ಎಂದದ್ದೇ ನಮ್ಮ ಗುಲಾಬಿ ಪಂಜರದ ಸುಮಾರು ಎರಡರಷ್ಟಿದೆ! ಅದೇ ವಿಶ್ವವಿದ್ಯಾಲಯದ ಇನ್ನೊಂದು ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಅದರಲ್ಲಿ ಅಳೆದದ್ದು ನೆಲದ ಹಾಸಿನ, ಅಂದರೆ ಬಿಲ ತೋಡಲು ಪಂಜರದ ತಳಕ್ಕೆ ತುಂಬುವ ಕಾಗದ, ಹೊಟ್ಟಿನಂಥದ್ದರ ಆಳ: 10, 40 ಮತ್ತು 80 ಸೆಂ.ಮೀ. ಹತ್ತು ಸೆಂ.ಮೀ. ಹಾಸಿನವು ತಂತಿಯನ್ನು ಹೆಚ್ಚು ಕಚ್ಚಿದವು, 80 ಸೆಂ.ಮೀ. ಹಾಸಿನವುಗಳಲ್ಲಿ ಆ ಚಾಳಿ ತೀರ ಕಡಿಮೆಯಿತ್ತು. ಪಂಜರ ಆರಿಸುವಾಗ ಕೇಳಬೇಕಾದ ಪ್ರಶ್ನೆ ನನ್ನ ಪ್ರಕಾರ ಇವೆರಡೇ. ಒಂದೇ ಮಟ್ಟದ ನೆಲ ಎಷ್ಟು ಅಗಲವಿದೆ? ಹಾಸು ಎಷ್ಟು ಆಳ ತುಂಬಬಹುದು? ಅಟ್ಟ, ಏಣಿ, ಬಣ್ಣದ ಪೈಪುಗಳು ಇವೆರಡರ ಲೆಕ್ಕಕ್ಕೆ ಬರುವುದಿಲ್ಲ.

ಈ ಪ್ರಾಣಿಯ ಮೂಲ ತಿಳಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. 1930ರಲ್ಲಿ ಇಸ್ರೇಲ್ ಅಹರೋನಿ ಎಂಬ ಪ್ರಾಣಿಶಾಸ್ತ್ರಜ್ಞರು ಸಿರಿಯಾದ ಅಲೆಪ್ಪೊ ಹತ್ತಿರದ ಹೊಲದಲ್ಲಿ ಅಗೆಸಿ ಒಂದು ತಾಯಿಯನ್ನೂ ಮರಿಗಳನ್ನೂ ಹಿಡಿಸಿದರು. ಇವತ್ತು ಮನೆಗಳಲ್ಲಿ ಸಾಕುವ ಸಿರಿಯನ್ ಹ್ಯಾಮ್ಸ್ಟರ್‌ಗಳು ಹೆಚ್ಚುಕಡಿಮೆ ಎಲ್ಲವೂ ಆ ಸಂಸಾರದ್ದೇ ಸಂತತಿ. ಕಾಡಿನವುಗಳ ಬಿಲಗಳನ್ನು ಅಳೆದ ಸಂಶೋಧಕರಿಗೆ ಸರಾಸರಿ 65 ಸೆಂ.ಮೀ. ಆಳ ಸಿಕ್ಕಿದೆ, ಕೆಲವು ಒಂದು ಮೀಟರ್ ದಾಟಿವೆ. ಹೀಗೆ ನೆಲದೊಳಗೆ ಒಂಟಿಯಾಗಿ ಬದುಕುವ ಜೀವಕ್ಕೆ ಮೂರು ಮಹಡಿ ಕಟ್ಟಿಕೊಟ್ಟರೆ ಅದಕ್ಕೆ ಉಪಯೋಗವಿಲ್ಲ, ಅಪಾಯವೇ ಹೆಚ್ಚು. ಅದರ ದೃಷ್ಟಿ ಮಂದ, ಎತ್ತರದ ಅಂದಾಜು ಸಿಗುವುದಿಲ್ಲ, ಮೇಲಿನ ಅಟ್ಟದಿಂದ ಬಿದ್ದರೆ ಕಾಲು ಮುರಿಯುತ್ತದೆ. ಒಂಟಿ ಎಂದೆನಲ್ಲ, ‘ಜೋಡಿ ತಗೊಳ್ಳಿ’ ಎನ್ನುವವರ ಮಾತು ಕೇಳಬೇಡಿ. ದೊಡ್ಡವಾದ ಮೇಲೆ ಕಚ್ಚಾಡಿ ಸಾಯುತ್ತವೆ. ಎಷ್ಟೇ ದೊಡ್ಡ ಪಂಜರವಾದರೂ ಒಂದಕ್ಕೆ ಒಂದೇ.

ಜರ್ಮನಿಯ ಪ್ರಾಣಿ ಕಲ್ಯಾಣದ ಪಶುವೈದ್ಯರ ಸಂಘ ಕನಿಷ್ಠ 100×50×50 ಸೆಂ.ಮೀ. ಬೇಕೆನ್ನುತ್ತದೆ. ನಮ್ಮ ನಾಲ್ಕಡಿ-ಎರಡಡಿ ಟ್ಯಾಂಕು ಅದಕ್ಕಿಂತ ಸುಮಾರು ಒಂದೂವರೆ ಪಟ್ಟು ದೊಡ್ಡದು. ನಮ್ಮ ದೇಶದ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲೂ, ಪ್ರಾಣಿ ಓಡಾಡಲು ಸಾಕಾಗದಷ್ಟು ಚಿಕ್ಕ ಪಂಜರದಲ್ಲಿ ಕೂಡಿಹಾಕುವುದು ಅಪರಾಧ ಎಂದಿದೆ. ಅಳತೆ ಹೇಳಿಲ್ಲ. ಆದರೆ ಬರೆದದ್ದಂತೂ ಇದೆ.

ಟ್ಯಾಂಕು ಮಾಡಿಸುವುದು ಸುಲಭದ ಕೆಲಸ. ಅಂಗಡಿಯ ಹುಡುಗ ಮೊದಲು ದಪ್ಪ ಗಾಜಿನ ಲೆಕ್ಕ ಹಾಕುತ್ತಿದ್ದ. “ಮೀನಿಗಲ್ವಾ ಅಕ್ಕಾ? ಹಂಗಾದ್ರೆ ಅಷ್ಟು ದಪ್ಪ ಯಾಕೆ, ಆರು ಎಂಎಂ ಸಾಕು. ನೀರಿನ ಒತ್ತಡ ಇಲ್ಲಲ್ಲ” ಅಂದ. ಅದರಿಂದ ದುಡ್ಡೂ ಉಳಿಯಿತು, ತೂಕವೂ ಇಳಿಯಿತು. ಇಳಿದರೂ ಖಾಲಿ ಟ್ಯಾಂಕೇ 40 ಕೆ.ಜಿ. ದಾಟುತ್ತದೆ ಎಂಬುದು ನೆನಪಿರಲಿ. ಮೀನಿನ ತೊಟ್ಟಿಗೆ ಮೇಲಂಚಿನಲ್ಲಿ ಒಳಗಡೆ ಅಂಟಿಸುವ ಗಾಜಿನ ಪಟ್ಟಿ ಬೇಡವೆನ್ನಿ, ಕೈ ಹಾಕಲು ಅಡ್ಡಿಯಾಗುತ್ತದೆ. ಅಂಚುಗಳನ್ನು ಉಜ್ಜಿಸಿ ನುಣುಪು ಮಾಡಿಸಿ. ಒಳಮೂಲೆಗಳಲ್ಲಿ ಉಬ್ಬಿದ ಸಿಲಿಕೋನ್ ಇದ್ದರೆ ಬ್ಲೇಡಿನಿಂದ ಸವರಿಸಿ, ಇಲ್ಲದಿದ್ದರೆ ಹಲ್ಲು ಹಾಕಲು ಅದೊಂದು ಹಿಡಿತವಾಗುತ್ತದೆ. ಸಿಲಿಕೋನಿನ ಹುಳಿ ವಾಸನೆ ಪೂರ್ತಿ ಹೋಗುವವರೆಗೆ ಪ್ರಾಣಿಯನ್ನು ಬಿಡಬಾರದು.

ಮುಚ್ಚಳವನ್ನು ಕಿಟಕಿ ಫ್ರೇಮ್ ಮಾಡುವವರ ಹತ್ತಿರ ಅಲ್ಯೂಮಿನಿಯಂ ಚೌಕಟ್ಟಿಗೆ ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕಿಸಿದೆವು. ದೊಡ್ಡ ಸಿರಿಯನ್‌ಗೆ ಅರ್ಧ ಇಂಚು ಸಾಕು. ಕುಳ್ಳ ಜಾತಿಯ ಹ್ಯಾಮ್ಸ್ಟರ್ ಇದ್ದರೆ ಇನ್ನೂ ಸಣ್ಣ ಕಣ್ಣಿನ ಜಾಲರಿ ಬೇಕು. ಗಾಜಿನ ಅಥವಾ ಅಕ್ರಿಲಿಕ್ ಮುಚ್ಚಳ ಮಾತ್ರ ಬೇಡವೇ ಬೇಡ. ಗಾಳಿ ಬರುವ ದಾರಿ ಇರುವುದು ಅದೊಂದೇ.

ಇನ್ನು ಹಾಸು. ನಿಜವಾದ ಖರ್ಚು ಇರುವುದು ಇಲ್ಲೇ. ಈ ಅಳತೆಯ ಟ್ಯಾಂಕಿಗೆ ಹತ್ತು ಇಂಚು ತುಂಬಬೇಕೆಂದರೆ ಸುಮಾರು 180 ಲೀಟರ್ ಹಾಸು ಬೇಕು, ಅದೂ ಒತ್ತಿ ಕೂರಿಸಿದ ಮೇಲೆ. ನಮ್ಮೂರಲ್ಲಿ ರೈಸ್ ಮಿಲ್ಲುಗಳಿಗೆ ಬರವಿಲ್ಲ, ಭತ್ತದ ಹೊಟ್ಟು ಚೀಲಗಟ್ಟಲೆ ಸಿಗುತ್ತದೆ, ಅದನ್ನೇ ಹಾಕು ಎಂದವರು ಹಲವರು. ಅದು ಒರಟು, ಧೂಳು ಹೆಚ್ಚು, ಬಿಲ ತೋಡಿದರೆ ನಿಲ್ಲುವುದೂ ಇಲ್ಲ. ಮರದ ಮಿಲ್ಲಿನ ಹೊಟ್ಟೂ ಬೇಡ: ಯಾವ ಮರವೋ, ಯಾವ ಪ್ಲೈವುಡ್ಡಿನ ಅಂಟೋ. ಪೈನ್, ದೇವದಾರು ಜಾತಿಯ ಘಾಟು ವಾಸನೆಯ ಮರಗಳು ಇವುಗಳ ಶ್ವಾಸಕ್ಕೆ ಕೆಟ್ಟದ್ದು. ಹತ್ತಿಯಂಥ ‘ಮೆತ್ತನೆ ಹಾಸಿಗೆ’ ಎಂದು ಮಾರುವುದಂತೂ ಕಾಲಿಗೆ ಸುತ್ತಿಕೊಳ್ಳುತ್ತದೆ, ನುಂಗಿದರೆ ಕರುಳಿಗೆ ಕಟ್ಟಿಕೊಳ್ಳುತ್ತದೆ. ನಾವು ಬಳಸುವುದು ಕಾಗದದ ಹಾಸು, ನಡುನಡುವೆ ಮೊಲಗಳಿಗೆಂದು ಮಾರುವ ಮೆತ್ತನೆ ಒಣಹುಲ್ಲಿನ ಪದರ, ಮೇಲೆ ಮುದ್ರಣವಿಲ್ಲದ ಕಾಗದದ ಚೂರು. ಹುಲ್ಲಿನ ಪದರವೇ ಮಾಡಿನ ಜಂತಿಯ ಹಾಗೆ ಬಿಲವನ್ನು ಹಿಡಿದು ನಿಲ್ಲಿಸುವುದು. ಹಾಕುತ್ತ ಹೋದಂತೆ ಅಂಗೈಯಿಂದ ಗಟ್ಟಿಯಾಗಿ ಒತ್ತಬೇಕು. ಒಂದು ಕಡೆ ಹನ್ನೆರಡು ಇಂಚು, ಇನ್ನೊಂದು ಕಡೆ ಇಳಿಜಾರಾಗಿ ಐದಾರು ಇಂಚು ಬರುವಂತೆ ಹಾಕಿದ್ದೇವೆ.

ಆಮೇಲೆ ಅವಳು ಮಾಡಿದ್ದನ್ನು ನೋಡಬೇಕಿತ್ತು. ಮುಂಗಾಲಲ್ಲಿ ಕೆರೆದು ಹೊಟ್ಟೆಯ ಕೆಳಗೆ ತಳ್ಳುವುದು, ನಾಲ್ಕೈದು ಸಲ ಹಾಗೆ ಮಾಡಿ ಹಿಂಗಾಲಿನಿಂದ ಒಮ್ಮೆಲೇ ಹಿಂದಕ್ಕೆ ಒದೆಯುವುದು. ಗಾಜಿನ ಪಕ್ಕದಲ್ಲೇ ಸುರಂಗ ಇಳಿದಿದ್ದರಿಂದ ಒಳಗಿನದೆಲ್ಲ ನಮಗೆ ಕಾಣುತ್ತದೆ. ತಳದಲ್ಲಿ ಟಿಶ್ಯೂ ಕಾಗದ ಸೀಳಿ ಸುತ್ತಿದ ಮಲಗುವ ಗೂಡು. ಅದರ ಬದಿಗೆ ಉಗ್ರಾಣ: ಕೆನ್ನೆ ಚೀಲದಲ್ಲಿ ತುಂಬಿಕೊಂಡು ಬಂದ ನವಣೆ, ಸಜ್ಜೆ, ಕುಂಬಳದ ಬೀಜಗಳನ್ನು ಮುಂಗೈಯಿಂದ ಕೆನ್ನೆ ಒತ್ತಿ ಒತ್ತಿ ಹೊರಹಾಕಿ, ಮೂಗಿನಿಂದ ದೂಡಿ ಸರಿಮಾಡುತ್ತಾಳೆ. ಉಚ್ಚೆಗೆ ಇದ್ಯಾವುದಕ್ಕೂ ತಾಗದ ದೂರದ ಮೂಲೆ. ಮಲಗುವ ಮುಂಚೆ ಒಳಗಿನಿಂದ ಬಿಲದ ಬಾಯಿಗೆ ಹಾಸು ತುರುಕಿ ಮುಚ್ಚುತ್ತಾಳೆ. ಕಟಕಟ ಸದ್ದು ನಿಂತಿದೆ. ಮೂಗಿನ ಮೇಲೆ ಕೂದಲು ಮತ್ತೆ ಬಂದು ಈಗ ಗುರುತೂ ಇಲ್ಲ. ಗಾಜಿಗೆ ಕಚ್ಚಲು ತಂತಿ ಇಲ್ಲವಲ್ಲ, ಸದ್ದು ನಿಲ್ಲದೆ ಏನು ಎಂದು ಕೇಳಬಹುದು. ಜಾಗ ಸಾಲದ ಹ್ಯಾಮ್ಸ್ಟರ್ ಗಾಜಿನ ಮೂಲೆಯನ್ನೂ ಗಂಟೆಗಟ್ಟಲೆ ಕೆರೆಯುತ್ತದೆ. ಇವಳು ಆ ಕೆಲಸವನ್ನೂ ಮಾಡುವುದಿಲ್ಲ.

ಆಳದ ಹಾಸಿನಲ್ಲಿ ಒಂದು ಎಚ್ಚರ ಬೇಕು. ಚಕ್ರ, ಮಣ್ಣಿನ ಬಟ್ಟಲು, ಮರಳಿನ ತಟ್ಟೆ ಇಂಥ ಭಾರದ ಸಾಮಾನುಗಳನ್ನು ಹಾಸಿನ ಮೇಲೆ ನೇರವಾಗಿ ಇಡಬಾರದು. ಕೆಳಗೆ ಸುರಂಗ ಬಂದರೆ ಕುಸಿದು ಮೈಮೇಲೆ ಬೀಳುತ್ತದೆ. ಟ್ಯಾಂಕಿನ ತಳಕ್ಕೆ ಮುಟ್ಟುವ ನಾಲ್ಕು ಕಾಲಿನ ಮಣೆ ಮಾಡಿಸಿ ಅದರ ಮೇಲೆ ಇಡಿ. ಚಕ್ರ ಸಿರಿಯನ್‌ಗೆ 28 ಸೆಂ.ಮೀ.ಗಿಂತ ಕಡಿಮೆ ಇರಬಾರದು. ಓಡುವಾಗ ಬೆನ್ನು ನೇರ ಇರಬೇಕು, ಬಿಲ್ಲಿನಂತೆ ಬಾಗಬಾರದು. ರಾತ್ರಿಗೆ ಹಲವು ಕಿಲೋಮೀಟರ್ ಓಡುವ ಪ್ರಾಣಿ ಇದು. ಇಷ್ಟು ದೊಡ್ಡ ಚಕ್ರ ಚಿಕ್ಕ ಪಂಜರದೊಳಗೆ ಹಿಡಿಸುವುದೇ ಇಲ್ಲ ಎಂಬುದೂ ದೊಡ್ಡದು ಬೇಕೆನ್ನಲು ಒಂದು ಕಾರಣ. ಸ್ನಾನಕ್ಕೆ ಮರಳು: ಜರಡಿ ಹಿಡಿದು, ತೊಳೆದು, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿದ ಹೊಳೆ ಮರಳು ಸರಿ. ಎಂ-ಸ್ಯಾಂಡ್ ಕಲ್ಲು ಪುಡಿ ಮಾಡಿದ್ದು, ಅಂಚು ಚೂಪು, ಬೇಡ. ಪೌಡರಿನಂಥ ‘ಬಾತ್ ಡಸ್ಟ್’ ಕೂಡ ಬೇಡ, ಶ್ವಾಸಕೋಶಕ್ಕೆ ಹೋಗುತ್ತದೆ.

ಗಾಜಿನ ಟ್ಯಾಂಕಿನ ದೊಡ್ಡ ಪರೀಕ್ಷೆ ನಮ್ಮ ಬೇಸಿಗೆ. ಏಪ್ರಿಲ್‌ನಲ್ಲಿ ಇಲ್ಲಿ ಬಿಸಿಲು ಹೇಗಿರುತ್ತದೆಂದು ಬಯಲುಸೀಮೆಯವರಿಗೆ ಹೇಳಬೇಕಾಗಿಲ್ಲ, ಮೇಲಿಂದ ಕರೆಂಟು ಬೇರೆ ಹೋಗುತ್ತದೆ. ಇಪ್ಪತ್ತರಿಂದ ಇಪ್ಪತ್ನಾಲ್ಕು ಡಿಗ್ರಿಯಲ್ಲಿ ಹಾಯಾಗಿರುವ ಪ್ರಾಣಿ, ಮೂವತ್ತು ದಾಟಿದರೆ ಒದ್ದಾಡುತ್ತದೆ. ಟ್ಯಾಂಕನ್ನು ಕಿಟಕಿಯಿಂದ ದೂರ, ಮನೆಯ ತಂಪಾದ ಒಳಗೋಡೆಗೆ ಇಟ್ಟಿದ್ದೇವೆ. ಬಿಸಿಲಿನ ಒಂದು ಪಟ್ಟೆ ಬಿದ್ದರೂ ಗಾಜಿನೊಳಗೆ ಕುಲುಮೆ. ಒಳಗೆ ಒಂದು ಕಡಪ ಕಲ್ಲಿನ ತುಂಡು ಇಟ್ಟಿದ್ದೇವೆ, ಮಧ್ಯಾಹ್ನ ಅದರ ಮೇಲೆ ಹೊಟ್ಟೆ ಚಪ್ಪಟೆ ಮಾಡಿ ಮಲಗುತ್ತಾಳೆ. ತೀರ ಸೆಕೆಯಿದ್ದಾಗ ನೀರು ಹೆಪ್ಪುಗಟ್ಟಿಸಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಹೊರಗಿನಿಂದ ಗಾಜಿಗೆ ಒರಗಿಸುತ್ತೇವೆ. ಹಾಗೂ ಆಳದ ಬಿಲವೇ ದೊಡ್ಡ ಆಸರೆ: ಕಡು ಬೇಸಿಗೆಯಲ್ಲಿ ಅವಳು ಗೂಡನ್ನು ತಳದ ಗಾಜಿಗೆ ತಾಗುವಷ್ಟು ಕೆಳಗೆ ಒಯ್ದಳು.

ಇರುವೆಗೆ ಸ್ಟ್ಯಾಂಡಿನ ನಾಲ್ಕೂ ಕಾಲುಗಳ ಕೆಳಗೆ ನೀರಿನ ಬಟ್ಟಲು, ನಮ್ಮತ್ತೆ ತುಪ್ಪದ ಡಬ್ಬಿಗೆ ಮಾಡುವ ಉಪಾಯವೇ. ಮಳೆಗಾಲದಲ್ಲಿ ಉಗ್ರಾಣದೊಳಗೆ ಸೌತೆಕಾಯಿ ಚೂರು ಸೇರಿ ಬೂಸು ಹಿಡಿಯುತ್ತದೆ, ಗಾಜಿನಿಂದ ನೋಡಿ ತೆಗೆಯಬೇಕು.

ಸ್ವಚ್ಛತೆ ಚಿಕ್ಕ ಪಂಜರಕ್ಕಿಂತ ಹಗುರ. ಅಲ್ಲಿ ವಾರಕ್ಕೊಮ್ಮೆ ಎಲ್ಲ ಬದಲಿಸಿದರೂ ನಾತ. ಇಲ್ಲಿ ಉಚ್ಚೆ ಮೂಲೆಯನ್ನಷ್ಟೇ ಚಮಚದಲ್ಲಿ ತೆಗೆಯುತ್ತೇವೆ, ಒಂದೆರಡು ತಿಂಗಳಿಗೊಮ್ಮೆ ಮೂರನೇ ಒಂದು ಭಾಗ ಹಾಸು ಬದಲಿಸುತ್ತೇವೆ. ಒಮ್ಮೆಲೇ ಪೂರ್ತಿ ಬದಲಿಸಿದರೆ ತನ್ನ ವಾಸನೆ ಹೋಗಿ ಅದು ಗಾಬರಿಯಾಗುತ್ತದೆ.

ಕೊರತೆಗಳನ್ನೂ ಹೇಳಬೇಕು. ಒಮ್ಮೆ ಇಟ್ಟ ಮೇಲೆ ಅಲ್ಲಾಡಿಸುವ ಮಾತಿಲ್ಲ. ಬಾಡಿಗೆ ಮನೆಯವರು ಯೋಚಿಸಿ. ಮುಚ್ಚಳ ಭಾರ, ಮಗಳಿಗೆ ಒಬ್ಬಳೇ ಎತ್ತಲಾಗದು. ಎಲ್ಲಕ್ಕಿಂತ ದೊಡ್ಡ ಕೊರತೆ, ಕೈ ಮೇಲಿನಿಂದಲೇ ಇಳಿಯಬೇಕು. ಹದ್ದು ಗೂಬೆಗಳಿಗೆ ಹೆದರುವ ಪ್ರಾಣಿಗೆ ಮೇಲಿಂದ ಬರುವ ಕೈ ಅಂದರೆ ಭಯ. ಹಾಗಾಗಿ ನಾವು ಕೈ ಹಾಕುವುದಿಲ್ಲ, ಒಂದು ಅಗಲ ಬಾಯಿಯ ಮಗ್ ಅಡ್ಡ ಇಡುತ್ತೇವೆ, ಅವಳೇ ಹತ್ತಿ ಕೂರುತ್ತಾಳೆ.

ಟ್ಯಾಂಕು, ಮುಚ್ಚಳ, ಕಬ್ಬಿಣದ ಸ್ಟ್ಯಾಂಡು ಸೇರಿ ಹತ್ತು ಸಾವಿರದ ಒಳಗೆ ಮುಗಿಯಿತು. ಮೊದಲ ಸಲ ಹಾಸು ತುಂಬಿದ್ದು ಬೇರೆ. ಅಷ್ಟು ಆಗದವರು ಸಿಗುವುದರಲ್ಲೇ ದೊಡ್ಡ ಪ್ಲಾಸ್ಟಿಕ್ ಸ್ಟೋರೇಜ್ ಡಬ್ಬ ತಂದು, ಮುಚ್ಚಳದ ನಡುವೆ ಕತ್ತರಿಸಿ ಜಾಲರಿ ಬಿಗಿಯಿರಿ. ಸಾಧ್ಯವಾದರೆ ಎರಡು ಡಬ್ಬಗಳನ್ನು ಅಗಲ ಪೈಪಿನಿಂದ ಸೇರಿಸಿ. ಒಂದೇ ನೆಲದಷ್ಟು ಒಳ್ಳೆಯದಲ್ಲ, ಆದರೂ ಅಂಗಡಿಯ ಅಟ್ಟದ ಪಂಜರಕ್ಕಿಂತ ಎಷ್ಟೋ ಮೇಲು. ಪೈಪು ಪೈಪು ಜೋಡಿಸುವ ಬಣ್ಣದ ಪಂಜರಗಳನ್ನು ಸಿರಿಯನ್‌ಗೆ ಕೊಳ್ಳಬೇಡಿ, ಗಾಳಿ ಆಡುವುದಿಲ್ಲ, ಕೆನ್ನೆ ತುಂಬಿಕೊಂಡಾಗ ಸಿಕ್ಕಿಬೀಳುತ್ತವೆ.

ಶೇಂಗಾಳಿಗೆ ಈಗ ವಯಸ್ಸಾಗಿದೆ, ಎರಡು ದಾಟಿತು. ಇವುಗಳ ಆಯಸ್ಸೇ ಎರಡು-ಮೂರು ವರ್ಷ. ಮಣೆಗೆ ಹತ್ತುವ ಇಳಿಜಾರನ್ನು ಅಗಲ ಮಾಡಿ ಕಾರ್ಕ್ ಹಾಳೆ ಅಂಟಿಸಿದ್ದೇವೆ, ನೀರಿನ ಬಟ್ಟಲು ಬಿಲದ ಬಾಯಿಯ ಹತ್ತಿರ ತಂದಿದ್ದೇವೆ. ಹೊಸದಾಗಿ ಮಾಡಿಸುವವರಿಗೆ ನನ್ನ ಸಲಹೆ ಇಷ್ಟು: ಉದ್ದ ಅಗಲ ಇದೇ ಇರಲಿ, ಮುಂದಿನ ಗಾಜನ್ನು ಮಾತ್ರ ಎರಡು ಭಾಗ ಮಾಡಿಸಿ. ಕೆಳಗೆ ಹಾಸು ತಡೆಯಲು ಒಂದಡಿಯಷ್ಟು ಗಟ್ಟಿ ಗಾಜು, ಅದರ ಮೇಲೆ ಶೋಕೇಸಿಗೆ ಹಾಕುವಂಥ ಸರಿಯುವ ಗಾಜಿನ ಬಾಗಿಲು, ಅದಕ್ಕೊಂದು ಬೀಗ. ಸರಿಯುವ ಚಾನಲ್ ಹೊರಗಡೆ ಬರಲಿ ಎಂದು ಒತ್ತಿ ಹೇಳಿ, ಒಳಗೆ ಬಂದರೆ ಹಾಸು ತುಂಬಿ ಬಾಗಿಲು ಸರಿಯುವುದಿಲ್ಲ.