ಕಡಲ ಲಾಟೀನು, ಹಗ್ಗದ ಕಂಬ: ಟೇಬಲ್ ಲ್ಯಾಂಪನ್ನು ಮೊದಲು ತಲೆಕೆಳಗು ಮಾಡಿ ನೋಡಿ

ತುಮಕೂರಿನವರು ಕಡಲು ನೋಡಬೇಕಾದರೆ ಘಟ್ಟ ಇಳಿಯಬೇಕು. ಆದರೂ ಇಲ್ಲಿನ ಅಲಂಕಾರ ಸಾಮಾನಿನ ಅಂಗಡಿಗಳಲ್ಲಿ, ಕರಕುಶಲ ಮೇಳಗಳಲ್ಲಿ ಲಂಗರು, ದೀಪಸ್ತಂಭ, ಹಡಗಿನ ಲಾಟೀನು, ಚಿಪ್ಪಿನ ಗೊಂಚಲು ಅಂತ ಟೇಬಲ್ ಲ್ಯಾಂಪುಗಳಿಗೆ ಬರವಿಲ್ಲ. ಹಳೇ ಕಾಲದ ಮಾದರಿಯವೂ ಪಕ್ಕದಲ್ಲೇ ಇರುತ್ತವೆ. ಎಲ್ಲವೂ ಚೆಂದವೇ. ಆದರೆ ಅಂಗಡಿಯಲ್ಲಿ ಅದನ್ನು ಉರಿಸಿ ತೋರಿಸುವ ಮೊದಲೇ ತಲೆಕೆಳಗು ಮಾಡಿ ತಳ ನೋಡಿ. ಕೊಳ್ಳಬೇಕೋ ಬೇಡವೋ ಅನ್ನುವುದು ಮುಕ್ಕಾಲು ಪಾಲು ಅಲ್ಲೇ ತೀರ್ಮಾನವಾಗುತ್ತದೆ.

ಹೆಚ್ಚು ಬೆಲೆಯದು, ಹೆಚ್ಚು ಮೋಸದ್ದೂ, ಹಡಗಿನ ಪಿತ್ತಳೆ ಲಾಟೀನು. ಹಡಗಿನ ಎಡಕ್ಕೆ ಕೆಂಪು, ಬಲಕ್ಕೆ ಹಸಿರು ದೀಪ ಇರುವುದು ವಾಡಿಕೆ. ಜೋಡಿಯಾಗಿ ಮಾರುವವರು ಇದನ್ನೇ ಹೇಳಿ ಮಾರುತ್ತಾರೆ. ನಿಜವಾಗಿ ಹಡಗಿನಿಂದ ಬಿಚ್ಚಿದ ದೀಪಗಳು ನಮ್ಮಲ್ಲಿಗೆ ಬರುವ ದೊಡ್ಡ ದಾರಿ ಗುಜರಾತಿನ ಅಲಂಗ್. 1983ರಿಂದ ಅಲ್ಲಿ ಹಡಗು ಒಡೆಯುತ್ತಾರೆ. ಮಾರುಕಟ್ಟೆಯಲ್ಲಿ ಇರುವ ಬಹುಪಾಲು ಮಾತ್ರ ಮೊರಾದಾಬಾದಿನಂಥ ಪಿತ್ತಳೆ ಊರುಗಳಲ್ಲಿ ಹೊಸದಾಗಿ ಮಾಡಿದ ನಕಲು. ನಕಲು ಕೊಳ್ಳುವುದು ತಪ್ಪಲ್ಲ, ಅಸಲಿನ ಬೆಲೆ ಕೊಡುವುದು ತಪ್ಪು. ಮೊದಲು ಒಂದು ಸಣ್ಣ ಅಯಸ್ಕಾಂತ ಹಿಡಿದು ನೋಡಿ. ಪಿತ್ತಳೆಗೆ ಅದು ಅಂಟುವುದಿಲ್ಲ. ಅಂಟಿದರೆ ಒಳಗೆ ಕಬ್ಬಿಣ, ಮೇಲೆ ಬರೀ ಲೇಪ. ಆಮೇಲೆ ಸ್ಕ್ರೂಗಳ ತಲೆ ನೋಡಿ. ಪ್ಲಸ್ ತಲೆಯ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದ ನಡುವೆ. ‘1912’ ಅಂತ ಫಲಕ ಹೊಡೆದ ದೀಪದ ತುಂಬ ಪ್ಲಸ್ ಸ್ಕ್ರೂಗಳೇ ಇದ್ದರೆ ಆ ಫಲಕಕ್ಕೆ ದುಡ್ಡು ಕೊಡಬೇಡಿ. ಒಂದೆರಡು ಮಾತ್ರ ಇದ್ದರೆ ರಿಪೇರಿಯಲ್ಲಿ ಬದಲಾಗಿರಬಹುದು. ಕೀಲು ಸವೆದಿದೆಯೇ, ಹಿಡಿ ತಾಗುವ ಜಾಗ ನುಣುಪಾಗಿದೆಯೇ ನೋಡಿ. ಎಲ್ಲ ಕಡೆ ಒಂದೇ ಸಮನೆ ಕಪ್ಪಾಗಿದ್ದರೆ ಅದು ಆಸಿಡ್ ಕೆಲಸ.

ಇನ್ನೊಂದು ಸಂಗತಿ ಅಂಗಡಿಯವರು ಹೇಳುವುದಿಲ್ಲ. ಈ ಲಾಟೀನಿನ ಗೆರೆಗೆರೆ ಗಾಜು ಫ್ರೆನೆಲ್ ಲೆನ್ಸ್. ದೀಪಸ್ತಂಭಕ್ಕೆಂದು ಫ್ರೆಂಚ್ ವಿಜ್ಞಾನಿ ಫ್ರೆನೆಲ್ ರೂಪಿಸಿದ ಈ ಲೆನ್ಸ್ 1823ರಲ್ಲಿ ಫ್ರಾನ್ಸಿನ ಕೊರ್ದುವಾನ್ ದೀಪಸ್ತಂಭದಲ್ಲಿ ಮೊದಲು ಉರಿಯಿತು. ಬೆಳಕನ್ನು ಮೇಲೆ ಕೆಳಗೆ ಚೆಲ್ಲಲು ಬಿಡದೆ ಅಡ್ಡಕ್ಕೆ ದೂರ ತಳ್ಳುವುದೇ ಅದರ ಕೆಲಸ. ಹಡಗಿಗೆ ಅದೇ ಬೇಕು, ಮೇಜಿಗಲ್ಲ. ಕಣ್ಣಿನ ಮಟ್ಟದಲ್ಲಿ ಇಟ್ಟರೆ ಕಣ್ಣಿಗೆ ಚುಚ್ಚುತ್ತದೆ, ಪುಸ್ತಕದ ಮೇಲೆ ಕತ್ತಲೆ. ಕೆಳಗಿನ ಶೆಲ್ಫಿನಲ್ಲೋ ಮೂಲೆಯ ಸಣ್ಣ ಸ್ಟೂಲಿನ ಮೇಲೋ ಇಡಿ. ಓದಲು ಬೇಕು ಅನ್ನುವವರಿಗೆ ಇದು ಆಗಿಬರುವುದಿಲ್ಲ. ಕೆಂಪು ಗಾಜಿನದಂತೂ ಶುದ್ಧ ಅಲಂಕಾರ.

ಲಾಟೀನಿನ ಒಳಗೆ ಗಾಳಿ ಆಡುವುದಿಲ್ಲ. 9 ವಾಟಿನ ಎಲ್‌ಇಡಿ ಹಾಕಿದರೆ ಬುಡದ ಸರ್ಕಿಟ್ ಬಿಸಿಯಲ್ಲಿ ಬೆಂದು ಬೇಗ ಹೋಗುತ್ತದೆ. ಆಮೇಲೆ ಬಲ್ಬ್ ಕಂಪನಿಗೆ ಬೈಗುಳ. 4 ವಾಟಿನ ಫಿಲಮೆಂಟ್ ಎಲ್‌ಇಡಿ (ಗಾಜಿನೊಳಗೆ ಹಳೇ ಬಲ್ಬಿನಂತೆ ತಂತಿ ಕಾಣುವಂಥದು) ಸಾಕು. ಅದರ ಬೆಳಕು ಸುತ್ತಲೂ ಹರಡುತ್ತದೆ. ಬಿಳಿ ಪ್ಲಾಸ್ಟಿಕ್ ಕೊರಳಿನ ಮಾಮೂಲಿ ಎಲ್‌ಇಡಿ ಬೆಳಕನ್ನು ಹೆಚ್ಚಾಗಿ ಮೇಲಕ್ಕೇ ಎಸೆಯುತ್ತದೆ, ಲಾಟೀನಿನ ಕೆಳಗಿನ ಅರ್ಧ ಮಂಕಾಗುತ್ತದೆ. ಬೆಳಕಿನ ಬಣ್ಣ 2700 ಕೆಲ್ವಿನ್, ಅಂದರೆ ಬೆಚ್ಚನೆಯ ಹಳದಿ ಇರಲಿ. 6500ರ ಬಿಳಿ ಬೆಳಕಿನಲ್ಲಿ ಪಿತ್ತಳೆ ಸತ್ತ ಹಳದಿಯಾಗಿ ಕಾಣುತ್ತದೆ.

ಈಗ ತಳಕ್ಕೆ ಬರೋಣ. ತಳದ ಫೆಲ್ಟ್ ಬಟ್ಟೆಯನ್ನು ಒಂದು ಮೂಲೆಯಲ್ಲಿ ಎತ್ತಿ, ವೈರ್ ಹೊರಬರುವ ತೂತು ನೋಡಿ. ರಬ್ಬರ್ ಬುಶ್ ಇಲ್ಲದೆ ಲೋಹದ ಹರಿತ ಅಂಚಿನ ಮೇಲೇ ವೈರ್ ಕೂತಿದ್ದರೆ, ಲ್ಯಾಂಪ್ ಸರಿಸಿದಾಗಲೆಲ್ಲ ಅದು ವೈರಿನ ಸಿಪ್ಪೆ ಕೊಯ್ಯುತ್ತದೆ. ವೈರನ್ನು ಮೆಲ್ಲಗೆ ಎಳೆಯಿರಿ. ಎಳೆತ ಒಳಗಿನ ಕ್ಲಿಪ್ಪಿನಲ್ಲೋ ಗಂಟಿನಲ್ಲೋ ನಿಲ್ಲಬೇಕು, ಹೋಲ್ಡರಿನ ಸ್ಕ್ರೂವರೆಗೆ ಹೋಗಬಾರದು. ಲೋಹದ ಮೈಯ ಲ್ಯಾಂಪಿಗೆ ಎರಡು ಪಿನ್ನಿನ ಪ್ಲಗ್ ಇದ್ದರೆ ಅದನ್ನು ಹಾಗೇ ಮನೆಯಲ್ಲಿ ಉರಿಸಬೇಡಿ. 0.75 ಚದರ ಮಿಲಿಮೀಟರಿನ ಮೂರು ಎಳೆಯ ವೈರ್, ತ್ರೀ ಪಿನ್ ಪ್ಲಗ್, ಒಂದು ಒಳ್ಳೆ ಹೋಲ್ಡರ್ ಹಾಕಿಸಿ. ಸಾಮಾನಿಗೆ ದೊಡ್ಡ ಖರ್ಚಿಲ್ಲ. ಹಸಿರು ಎಳೆ, ಅಂದರೆ ಅರ್ಥಿಂಗ್, ಲೋಹದ ಮೈಗೆ ಬಿಗಿಯಾಗಿ ಕೂರಬೇಕು. ತಿರುಪಿನ ಹೋಲ್ಡರ್ ಆದರೆ ಫೇಸ್ (ಕರೆಂಟ್ ಬರುವ ಎಳೆ) ಹೋಲ್ಡರಿನ ನಡುವಿನ ನಾಲಿಗೆಗೆ ಹೋಗಬೇಕು, ತಿರುಪಿನ ಬಳೆಗಲ್ಲ. ಇಲ್ಲವಾದರೆ ಬಲ್ಬ್ ಬದಲಿಸುವಾಗ ಬೆರಳು ಅದಕ್ಕೇ ತಾಗುತ್ತದೆ. ವೈರ್ ನಡುವಿನ ಸ್ವಿಚ್ ಕೂಡ ಫೇಸ್ ಎಳೆಯನ್ನೇ ಕತ್ತರಿಸಬೇಕು.

ಎಲೆಕ್ಟ್ರಿಷಿಯನ್ ‘ಆಯ್ತು ಸಾರ್’ ಅಂದಮೇಲೆ, ಪ್ಲಗ್ ಚುಚ್ಚುವ ಮೊದಲು ಮಲ್ಟಿಮೀಟರ್ ಇಡಲು ಹೇಳಿ. ಒಂದು ಕಡ್ಡಿ ಪ್ಲಗ್ಗಿನ ದಪ್ಪ ಪಿನ್ನಿಗೆ, ಇನ್ನೊಂದು ಲ್ಯಾಂಪಿನ ಮೈಗೆ: ಬೀಪ್ ಬರಬೇಕು. ಉಳಿದೆರಡು ಪಿನ್ನುಗಳಿಂದ ಮೈಗೆ ಬೀಪ್ ಬರಬಾರದು. ಇಲ್ಲೊಂದು ಎಡವಟ್ಟು ಆಗುತ್ತದೆ: ಹೊಸ ಪಿತ್ತಳೆಯ ಮೇಲೆ ಲ್ಯಾಕರ್ ಅನ್ನುವ ಪಾರದರ್ಶಕ ಲೇಪ ಇರುತ್ತದೆ, ಅದರ ಮೇಲೆ ಕಡ್ಡಿ ಇಟ್ಟರೆ ಅರ್ಥಿಂಗ್ ಸರಿ ಇದ್ದರೂ ಬೀಪ್ ಬರುವುದಿಲ್ಲ. ತಳದ ಬರಿಯ ಸ್ಕ್ರೂ ಮೇಲೆ ಇಡಿ.

ನಮ್ಮ ಜಿಲ್ಲೆಗೆ ಹೇಳಿ ಮಾಡಿಸಿದ್ದು ಹಗ್ಗ ಸುತ್ತಿದ ಲ್ಯಾಂಪ್. ತೆಂಗಿನ ನಾರು ಉಪ್ಪುನೀರಿಗೆ ಜಗ್ಗುವುದಿಲ್ಲ, ನೀರಿನ ಮೇಲೆ ತೇಲುತ್ತದೆ. ಹಡಗಿನ ಹಗ್ಗಕ್ಕೆ ಅದನ್ನು ಬಳಸಿದ್ದು ಅದಕ್ಕೇ. ತಿಪಟೂರಿನ ಕೊಬ್ಬರಿ ಸೀಮೆಯಲ್ಲಿ ಇದ್ದುಕೊಂಡು ಸೆಣಬು ಸುತ್ತಿದ ಲ್ಯಾಂಪನ್ನು ದುಬಾರಿ ಬೆಲೆಗೆ ತರಿಸುವುದು ಏಕೆ? ಮಾಡಿಸುವುದೂ ಸುಲಭ. 110 ಮಿಲಿಮೀಟರಿನ ಪಿವಿಸಿ ಪೈಪು 30 ಸೆಂಟಿಮೀಟರ್ ಎತ್ತರಕ್ಕೆ ಕತ್ತರಿಸಿ, 6 ಮಿಲಿಮೀಟರ್ ದಪ್ಪದ ಹುರಿಹಗ್ಗ ಸುತ್ತಿದರೆ 50 ಸುತ್ತು, ಸುಮಾರು 18 ಮೀಟರ್ ಹಿಡಿಯುತ್ತದೆ. 20 ಮೀಟರ್ ತನ್ನಿ. ಪೈಪು ಹಗುರ, ಶೇಡ್ ಕೂತರೆ ತಲೆಭಾರವಾಗುತ್ತದೆ. ಒಳಗೆ ಒಂದೂವರೆ ಕೆಜಿ ಮರಳನ್ನು ಚೀಲದಲ್ಲಿ ಕಟ್ಟಿ ಇಡಿ, ವೈರ್ ಬೇರೆ ಸಣ್ಣ ಪೈಪಿನೊಳಗೆ ಹೋಗಲಿ. ಅಂಗಡಿಯವು ಹೆಚ್ಚಾಗಿ ಗ್ಲೂ ಗನ್ನಿನಲ್ಲಿ ಅಂಟಿಸಿದವು. ಬಲ್ಬಿನ ಹತ್ತಿರದ ಮೇಲಿನ ಸುತ್ತುಗಳು ಶಾಖಕ್ಕೆ ಮೊದಲು ಬಿಡುವುದು ಇವುಗಳಲ್ಲೇ; ಹೆಬ್ಬೆರಳಿನಲ್ಲಿ ಒತ್ತಿ ನೋಡಿದರೆ ಗೊತ್ತಾಗುತ್ತದೆ. ಮೇಲೆದ್ದ ನಾರನ್ನು ಕತ್ತರಿಯಲ್ಲಿ ಸವರಿ, ಹೋಲ್ಡರ್ ಹತ್ತಿರ ಒಂದೆಳೆಯೂ ಉಳಿಯದಿರಲಿ. ಇದರ ಒಂದೇ ತಕರಾರು ಧೂಳು. ಒಣ ಬ್ರಶ್ಶಿನಲ್ಲಿ ತೆಗೆಯಿರಿ, ಒದ್ದೆ ಬಟ್ಟೆ ಹಾಕಿದರೆ ಧೂಳು ಕೆಸರಾಗಿ ನಾರಿನೊಳಗೆ ಕೂರುತ್ತದೆ.

ಚಿಪ್ಪು, ಹವಳದ ಲ್ಯಾಂಪಿಗೆ ಕಾನೂನೂ ಅಂಟಿಕೊಂಡಿದೆ. ನಿಜವಾದ ಹವಳ, ಕಡಲಕುದುರೆ, ನಾಟಿಲಸ್ ಚಿಪ್ಪು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿವೆ. ‘ಒರಿಜಿನಲ್’ ಅಂದರೆ ಅಲ್ಲೇ ಬಿಟ್ಟು ಬನ್ನಿ. ರೆಸಿನ್ ಅಚ್ಚಿನವು ಸರಿ, ಬಿಸಿಲು ಬೀಳುವ ಕಿಟಕಿಯ ಪಕ್ಕ ಇಟ್ಟರೆ ಹಳದಿಗಟ್ಟುತ್ತವೆ, ಅಷ್ಟೇ.

ಓದುವ ಮೇಜಿಗೆ ಹಳೇ ಕಾಲದ್ದೇ ಬೇಕೆಂದರೆ ಹಸಿರು ಗಾಜಿನ ಬ್ಯಾಂಕರ್ಸ್ ಲ್ಯಾಂಪ್ ಇವೆಲ್ಲಕ್ಕಿಂತ ಮೇಲು. ಬೆಳಕು ಕಾಗದದ ಮೇಲೆ ಬೀಳುತ್ತದೆ, ಕಣ್ಣಿಗಲ್ಲ. ಹಸಿರಿನ ಒಳಮೈ ಬಿಳಿ ಇರಬೇಕು. ಒಳಗೂ ಹಸಿರೇ ಆದರೆ ಬೆಳಕು ಪಾಚಿಗಟ್ಟಿದಂತೆ ಕಾಣುತ್ತದೆ.

ಬಟ್ಟೆಯ ಶೇಡ್ ಬೇರೆ ಕೊಳ್ಳುವವರು ಹೆಚ್ಚು ಎಡವುವುದು ಅದರ ರಿಂಗಿನ ತೂತಿನಲ್ಲಿ. ತಿರುಪಿನ ಇ27 ಹೋಲ್ಡರಿಗೆ ಸುಮಾರು 40 ಮಿಲಿಮೀಟರ್ ಬೇಕು, ಪಿನ್ನಿನ ಬಿ22ಗೆ ಸುಮಾರು 29 ಸಾಕು. ದೊಡ್ಡ ತೂತಿನ ಶೇಡನ್ನು ರೆಡ್ಯೂಸರ್ ರಿಂಗ್ ಹಾಕಿ ಕೂರಿಸಬಹುದು, ಚಿಕ್ಕದನ್ನು ಹಿಗ್ಗಿಸಲಾಗದು. ಎತ್ತರಕ್ಕೆ ಲೆಕ್ಕ ಹೀಗೆ: ಕುರ್ಚಿಯಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು 105 ಸೆಂಟಿಮೀಟರ್. ಶೇಡಿನ ಕೆಳ ಅಂಚು ಅಲ್ಲಿಗೆ ಬಂದರೆ ಬಲ್ಬ್ ಕಾಣುವುದಿಲ್ಲ. 60 ಸೆಂಟಿಮೀಟರಿನ ಪಕ್ಕದ ಮೇಜಾದರೆ ಲ್ಯಾಂಪಿನ ತಳದಿಂದ ಶೇಡಿನ ಅಂಚಿಗೆ 45. ಟೀಪಾಯಿ ಇನ್ನೂ ತಗ್ಗು, ಅಲ್ಲಿ ಇದೇ ಲ್ಯಾಂಪ್ ಕುಳ್ಳಾಗುತ್ತದೆ.

ಪಿತ್ತಳೆ ಕಪ್ಪಾಯಿತೆಂದು ದೇವರ ದೀಪದಂತೆ ಹುಣಸೇಹಣ್ಣು ಹಾಕಿ ತಿಕ್ಕಲು ಹೋಗಬೇಡಿ. ಲ್ಯಾಕರ್ ಇದ್ದರೆ ಅದು ತೇಪೆತೇಪೆಯಾಗಿ ಎದ್ದು ಚರ್ಮರೋಗ ಬಂದಂತೆ ಕಾಣುತ್ತದೆ. ನಿಜವಾದ ಹಳೇ ದೀಪವಾದರೆ ಅದರ ಬೆಲೆಯೇ ಆ ಕಪ್ಪಿನಲ್ಲಿದೆ. ಪ್ಲಗ್ ತೆಗೆದಿಟ್ಟು, ಹಸಿರು ಕಿಲುಬು ಕಂಡ ಕಡೆ ಮಾತ್ರ ನಿಂಬೆರಸ ಅದ್ದಿದ ಹತ್ತಿಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ದೀಪ ಹಚ್ಚಿ.