ತುಂಡಾದ ಸ್ಟಡ್ಡಿಗೆ ಎಕ್ಸ್‌ಟ್ರಾಕ್ಟರ್ ಹಾಕುವ ಮುನ್ನ ದಯವಿಟ್ಟು ಇದನ್ನು ಓದಿ

ಹತ್ತು ವರ್ಷ ಹಳೆಯದಾದ ನನ್ನ ಮೋಟಾರ್‌ಸೈಕಲ್ಲಿನಲ್ಲಿ ಸೈಲೆನ್ಸರ್ ಪೈಪು ಇಂಜಿನ್ನಿಗೆ ಸೇರುವ ಜಾಗದಿಂದ ಹೊಗೆ ಸೋರುತ್ತಿತ್ತು. ಅಲ್ಲಿನ ಸಂದು ಮುಚ್ಚುವ ಗ್ಯಾಸ್ಕೆಟ್ ಬದಲಿಸಿದರೆ ಸಾಕು, ಅದಕ್ಕೆ ಬಿಚ್ಚಬೇಕಾದದ್ದು ಎರಡೇ ನಟ್, ಅರ್ಧ ಗಂಟೆಯ ಕೆಲಸ ಎಂದುಕೊಂಡು ಕೈಹಾಕಿದೆ. ಕೊನೆಗೆ ಇಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್ಡನ್ನೇ ಕಳಚಿ ವರ್ಕ್‌ಶಾಪಿಗೆ ಹೊತ್ತುಕೊಂಡು ಹೋಗಬೇಕಾಯಿತು. ಸ್ಟಡ್, ಅಂದರೆ ಹೆಡ್ಡಿನಲ್ಲಿ ನೆಟ್ಟಿರುವ, ಹೊರತುದಿಗೆ ನಟ್ ಹಾಕುವ ತಲೆಯಿಲ್ಲದ ಬೋಲ್ಟ್, ತುಂಡಾದದ್ದು ಆ ದಿನದ ಚಿಕ್ಕ ನಷ್ಟ; ತುಂಡಾದ ಮೇಲಿನ ಒಂದು ಗಂಟೆಯಲ್ಲಿ ನಾನು ಮಾಡಿದ್ದೇ ದೊಡ್ಡ ನಷ್ಟ. ಬೇರೆಯವರಿಗೆ ಹಾಗಾಗದಿರಲಿ ಎಂದು ನಡೆದದ್ದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲ ನಟ್ ಸುಲಭವಾಗಿ ಬಂತು. ಎರಡನೆಯದರ ಮೇಲೆ ಪೆನಿಟ್ರೇಟಿಂಗ್ ಆಯಿಲ್ (ತುಕ್ಕಿನ ಸಂದಿಗೆ ಇಳಿಯುವ ತೆಳು ಎಣ್ಣೆ) ಸಿಂಪಡಿಸಿ, ಐದು ನಿಮಿಷವೂ ಕಾಯದೆ ಸಾಕೆಟ್ ಹಾಕಿ ತಿರುಗಿಸಿದೆ. ಕಾಲು ಸುತ್ತಿನಷ್ಟು ಕಿರುಗುಟ್ಟುತ್ತ ತಿರುಗಿತು, ಆಮೇಲೆ ಹಿಡಿಕೆ ಸ್ಪ್ರಿಂಗಿನಂತೆ ಮಣಿಯತೊಡಗಿತು. ಒತ್ತಿದಷ್ಟು ಮುಂದೆ ಹೋಗುವುದು, ಸಡಿಲಿಸಿದರೆ ಹಿಂದಕ್ಕೆ ಬರುವುದು. ಇದನ್ನು ನೀವು ಎಂದಾದರೂ ಕೈಯಲ್ಲಿ ಅನುಭವಿಸಿದರೆ ಆ ಕ್ಷಣವೇ ನಿಲ್ಲಿಸಬೇಕು, ಏಕೆಂದರೆ ಅಲ್ಲಿ ನಟ್ ತಿರುಗುತ್ತಿಲ್ಲ, ಒಳಗಿನ ಸ್ಟಡ್ ಹಿಂಡಿದ ಬಟ್ಟೆಯಂತೆ ತಿರುಚಿಕೊಳ್ಳುತ್ತಿದೆ. ನಾನು ನಿಲ್ಲಿಸಲಿಲ್ಲ. ಟಕ್ಕೆಂದು ಸದ್ದಾಗಿ ಕೈ ಹಗುರಾಯಿತು. ನಟ್ಟಿನ ಜೊತೆ ಬಂದ ತುಂಡನ್ನು ಬೆಳಕಿಗೆ ಹಿಡಿದು ನೋಡಿದರೆ, ಮುರಿದ ಮುಖದ ಸುತ್ತ ಕಂದುಗಪ್ಪು ಬಣ್ಣದ ಉಂಗುರವಿತ್ತು. ನಡುವೆ ಮಾತ್ರ ಚಿಕ್ಕದೊಂದು ಚುಕ್ಕೆಯಷ್ಟು ಲೋಹ ಹೊಳೆಯುತ್ತಿತ್ತು. 6 ಮಿಲಿಮೀಟರಿನ ಸ್ಟಡ್ಡನ್ನು ತುಕ್ಕು ಮೊದಲೇ ತಿಂದು ಮುಗಿಸಿತ್ತು. ಹೊಸದಾಗಿದ್ದಾಗಲೇ ಸುಮಾರು 10 ನ್ಯೂಟನ್ ಮೀಟರ್ ಬಿಗಿತಕ್ಕೆಂದು ಮಾಡಿದ ಸ್ಟಡ್ಡಿನ ಮೇಲೆ ನಾನು ಉದ್ದ ಹಿಡಿಕೆಯಿಂದ ಮೈಭಾರವನ್ನೇ ಹಾಕಿದ್ದೆ.

ಮುರಿದ ಮೇಲೂ ಸುಮಾರು 3 ಮಿಲಿಮೀಟರ್ ತುದಿ ಹೊರಗೆ ಉಳಿದಿತ್ತು. ಅದನ್ನು ಹಾಗೆಯೇ ಬಿಟ್ಟಿದ್ದರೆ ಕೆಲಸ ಉಳಿಯುತ್ತಿತ್ತು. ಆದರೆ ಡ್ರಿಲ್ ಸರಿಯಾಗಿ ಕೂರಲಿ ಎಂದು ನಾನೇ ಅರ ಹಿಡಿದು ಆ ತುದಿಯನ್ನು ಸಮಮಾಡಿದೆ. ಕೈಡ್ರಿಲ್ಲಿನಿಂದ ರಂಧ್ರ ಕೊರೆದೆ, ಅದು ನಡುವಿಂದ ಜಾರಿ ಒಂದು ಪಕ್ಕಕ್ಕೆ ಹೋಯಿತು. ಮುರಿದ ಬೋಲ್ಟನ್ನು ಒಳಗಿನಿಂದ ಕಚ್ಚಿ ತಿರುಗಿಸಿ ತೆಗೆಯುವ ಕಡ್ಡಿಯಂಥ ಸಾಧನ ಎಕ್ಸ್‌ಟ್ರಾಕ್ಟರ್; ಅದನ್ನು ಆ ರಂಧ್ರಕ್ಕೆ ಬಡಿದು ತಿರುಗಿಸಿದೆ. ಅದು ಒಳಗೇ ಮುರಿಯಿತು.

ಈಗ ಯೋಚಿಸಿದರೆ ಮುರಿಯದೆ ಇನ್ನೇನಾಗಬೇಕಿತ್ತು ಎನ್ನಿಸುತ್ತದೆ. ಇಡೀ ಸ್ಟಡ್ಡೇ ತಡೆಯಲಾಗದ ಬಲವನ್ನು ಅದರೊಳಗೆ ಕೊರೆದ 3 ಮಿಲಿಮೀಟರ್ ರಂಧ್ರದಲ್ಲಿ ಕೂರುವ ತೆಳ್ಳನೆಯ ಕಡ್ಡಿ ಹೇಗೆ ತಡೆದೀತು? ಸಾಲದ್ದಕ್ಕೆ ಎಕ್ಸ್‌ಟ್ರಾಕ್ಟರ್ ಮೊನೆಯ ಕಡೆಗೆ ಸಪುರವಾಗಿರುತ್ತದೆ, ಒಳಕ್ಕೆ ಹೋದಂತೆಲ್ಲ ಅದು ಬೆಣೆಯಂತೆ ಸ್ಟಡ್ಡಿನ ಗೋಡೆಯನ್ನು ಹೊರಕ್ಕೆ ಹಿಗ್ಗಿಸಿ ಥ್ರೆಡ್ಡಿನಲ್ಲಿ (ತಿರುಪಿನ ಸುತ್ತುಗಳಲ್ಲಿ) ಮತ್ತಷ್ಟು ಬಿಗಿಯಾಗಿಸುತ್ತದೆ. ಬೋಲ್ಟ್ ಜಾಮ್ ಆಗಿರದೆ, ಬರಿಯ ತಲೆ ಹಾರಿಹೋಗಿ ಒಳಗೆ ಸಡಿಲವಾಗಿದ್ದಾಗ ಮಾತ್ರ ಅದು ಉಪಯೋಗಕ್ಕೆ ಬರುವ ಸಾಧನ. ಅದನ್ನು ಮಾಡಿರುವ ಉಕ್ಕು ಎಷ್ಟು ಗಡುಸೆಂದರೆ, ಮುರಿದು ಒಳಗುಳಿದ ಮೇಲೆ ಸಾಮಾನ್ಯ ಡ್ರಿಲ್ ಬಿಟ್ ಅದರ ಮೇಲೆ ಗೀರನ್ನೂ ಮೂಡಿಸುವುದಿಲ್ಲ. ನನ್ನ ಬಿಟ್ ಆ ಗಡುಸು ತುಂಡಿನಿಂದ ಜಾರಿ ಪಕ್ಕದ ಮೆತ್ತನೆಯ ಅಲ್ಯೂಮಿನಿಯಂ ಹೆಡ್ಡಿಗೆ ನುಗ್ಗಿತು. ಹೆಡ್ ಕಳಚಬೇಕಾಗಿ ಬಂದದ್ದು ಆ ಗಾಯದಿಂದಲೇ.

ವರ್ಕ್‌ಶಾಪಿನವರು ಮುರಿದ ಎಕ್ಸ್‌ಟ್ರಾಕ್ಟರನ್ನು ಇನ್ನೂ ಗಡುಸಾದ ಕಾರ್ಬೈಡ್ ಕಟರಿನಿಂದ ನಿಧಾನವಾಗಿ ತೆಗೆದು, ರಂಧ್ರವನ್ನು ದೊಡ್ಡದು ಮಾಡಿ ಥ್ರೆಡ್ ಇನ್ಸರ್ಟ್ (ಹಾಳಾದ ಥ್ರೆಡ್ಡಿನ ಬದಲು ಕೂರಿಸುವ ಲೋಹದ ಹೊಸ ಥ್ರೆಡ್) ಕೂರಿಸಿಕೊಟ್ಟರು. ತುದಿ ಹೊರಗಿದ್ದಾಗಲೇ ತಂದಿದ್ದರೆ ಅದರ ಮೇಲೊಂದು ನಟ್ ಇಟ್ಟು ವೆಲ್ಡ್ ಮಾಡಿ ಕೂಡಲೇ ತಿರುಗಿಸಿ ಕೊಡುತ್ತಿದ್ದೆವು ಎಂದು ಅವರು ಹೇಳಿದಾಗ ನನಗೆ ಉತ್ತರವಿರಲಿಲ್ಲ. ವೆಲ್ಡಿಂಗಿನಿಂದ ಹಿಡಿದುಕೊಳ್ಳಲು ಹೊಸ ತಲೆ ಸಿಗುವುದರ ಜೊತೆಗೆ, ಅದರ ಬಿಸಿ ಒಳಗಿನ ತುಕ್ಕಿನ ಹಿಡಿತವನ್ನೂ ಬಿಡಿಸುತ್ತದೆ. ಆದ್ದರಿಂದ ಮುರಿದು ಉಳಿದ ತುದಿ ಎಷ್ಟೇ ಚಿಕ್ಕದಿರಲಿ, ದಯವಿಟ್ಟು ಅರದಿಂದ ಉಜ್ಜಬೇಡಿ, ಕತ್ತರಿಸಬೇಡಿ.

ಮುರಿಯುವ ಮೊದಲೇ ನಾನು ಮಾಡಬಹುದಾಗಿದ್ದದ್ದೂ ಬಹಳವಿತ್ತು. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಹಿಡಿಯುವುದರಿಂದ ನಟ್ಟಿಗೂ ಸ್ಟಡ್ಡಿಗೂ ನಡುವಿನ ಸಂದು ತುಂಬಿ ಗಟ್ಟಿಯಾಗಿಬಿಡುತ್ತದೆ, ಅದರೊಳಗೆ ಎಣ್ಣೆ ಇಳಿಯಲು ನಿಮಿಷಗಳು ಸಾಲುವುದಿಲ್ಲ. ಹಿಂದಿನ ದಿನವೇ ತಂತಿಯ ಬ್ರಷ್ಷಿನಿಂದ ಥ್ರೆಡ್ ಉಜ್ಜಿ, ಎಣ್ಣೆ ಬಿಟ್ಟು, ಆಗಾಗ ಮೆಲ್ಲಗೆ ಬಡಿದು, ಮತ್ತೆ ಎಣ್ಣೆ ಬಿಡಬೇಕು. ಹನ್ನೆರಡು ಮೂಲೆಯ ಸಾಕೆಟ್ ಬದಲು ಆರು ಮೂಲೆಯದನ್ನೇ ಬಳಸಬೇಕು. ಒಂದಿಷ್ಟು ಅಲುಗಿತೆಂದರೆ ಖುಷಿಯಲ್ಲಿ ಪೂರ್ತಿ ಎಳೆಯದೆ, ಸ್ವಲ್ಪ ಬಿಚ್ಚಿ ಸ್ವಲ್ಪ ಬಿಗಿಸಿ, ಹಿಂದೆ ಮುಂದೆ ಆಡಿಸುತ್ತ ತರಬೇಕು. ಇಷ್ಟಕ್ಕೂ ಬಗ್ಗದಿದ್ದರೆ ನಟ್ಟನ್ನೇ ಬಲಿಕೊಡಿ: ಒಂದು ಪಕ್ಕದಲ್ಲಿ ಗರಗಸದಿಂದ ಸೀಳಿ ಉಳಿಯಿಂದ ಬಿಡಿಸಿದರೆ ಸ್ಟಡ್ ಉಳಿಯುತ್ತದೆ. ಹೊಸ ನಟ್ ಎಲ್ಲಿಯೂ ಸಿಗುತ್ತದೆ.

ಬಿಸಿ ಕೊಡುವುದಾದರೆ ಪೆಟ್ರೋಲ್ ಟ್ಯಾಂಕನ್ನು ಕಳಚಿ ದೂರವಿಟ್ಟು, ಸಿಂಪಡಿಸಿದ ಎಣ್ಣೆಯನ್ನು ಒರೆಸಿದ ಮೇಲೆಯೇ ಕೊಡಿ. ಕ್ಲೋರಿನ್ ಬೆರೆತ ಬ್ರೇಕ್ ಕ್ಲೀನರಿನಿಂದ ತೊಳೆದ ಜಾಗಕ್ಕೆ ಬೆಂಕಿ ಅಥವಾ ವೆಲ್ಡಿಂಗ್ ತಾಗಿಸಲೇಬಾರದು, ಅದರಿಂದ ಫಾಸ್ಜೀನ್ ಎಂಬ ಪ್ರಾಣಾಂತಕ ವಿಷಾನಿಲ ಹುಟ್ಟುತ್ತದೆ. ಬ್ರೇಕ್ ಡಿಸ್ಕಿನ ಬೋಲ್ಟುಗಳ ಲೆಕ್ಕ ಬೇರೆ. ಅವುಗಳನ್ನು ಹೆಚ್ಚಾಗಿ ಹಿಡಿದಿರುವುದು ಕಾರ್ಖಾನೆಯಲ್ಲೇ ಹಚ್ಚಿದ ಥ್ರೆಡ್ ಲಾಕರ್ ಎಂಬ ಅಂಟು. ಅದು ಬಿಸಿಗೆ ಮೆತ್ತಗಾಗುತ್ತದೆ, ಎಣ್ಣೆಗೆ ಜಗ್ಗುವುದಿಲ್ಲ. ಎಣ್ಣೆ ಡಿಸ್ಕಿಗೆ ತಗುಲಿದರಂತೂ ಬ್ರೇಕೇ ಹಿಡಿಯದೆ ಹೋದೀತು.

ಹೆಡ್ ಕೈಯಲ್ಲಿದ್ದಾಗಲೇ ಉಳಿದಿದ್ದ ಇನ್ನೊಂದು ಹಳೆಯ ಸ್ಟಡ್ಡನ್ನೂ ತೆಗೆಯಲು ನಿರ್ಧರಿಸಿದೆ. ಈ ಬಾರಿ ಮೂರು ದಿನ ಎಣ್ಣೆ ಬಿಟ್ಟೆ. ಬಿಸಿಯಾದಾಗ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ, ಎಣ್ಣೆ ಒರೆಸಿ, ಸ್ಟಡ್ಡನ್ನು ಬಿಟ್ಟು ಅದರ ಸುತ್ತಲಿನ ಹೆಡ್ಡಿನ ಭಾಗಕ್ಕೆ ಹೀಟ್ ಗನ್ನಿನಿಂದ ಬಿಸಿ ಕೊಟ್ಟೆ. ತುದಿಗೆ ಎರಡು ನಟ್ ಹಾಕಿ ಒಂದಕ್ಕೊಂದು ಬಿಗಿದು, ಒಳಗಿನ ನಟ್ಟಿಗೆ ಸ್ಪ್ಯಾನರ್ ಹಾಕಿ ಹಿಂದೆ ಮುಂದೆ ಆಡಿಸಿದೆ. ಸುಮಾರು ಇಪ್ಪತ್ತು ನಿಮಿಷಗಳ ಮೇಲೆ ಸ್ಟಡ್ ಇಡಿಯಾಗಿ ಹೊರಬಂತು. ಹೆಡ್ಡಿನೊಳಗಿದ್ದ ಅದರ ಥ್ರೆಡ್ಡಿನ ಸಾಲುಗಳಲ್ಲಿ, ಸುಣ್ಣ ಮೆತ್ತಿದಂತೆ, ಅಲ್ಯೂಮಿನಿಯಂ ತುಕ್ಕಾದ ಬಿಳಿ ಪುಡಿ ತುಂಬಿಕೊಂಡಿತ್ತು.